ನನ್ನ ಒಲೆಯ ಹೊಗೆ ಕೈಪಿಡಿಯಲ್ಲಿ ಕಾಣದಿರುವ ಬಗ್ಗೆ

ದಿನಾಂಕ: ೨೦-೦೨-೨೦೦೯

ಇಂದ:
ಕೆಂಪರಾಜು ಬಿನ್ ಲೇಟ್ ಲಕ್ಷ್ಮಯ್ಯ,
ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ (ಒಲೆ ಸಹಿತ, ಹೊಗೆ ಸಹಿತ),
ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ, ರಾಮನಗರ.

ಗೆ:
ಮುಖ್ಯ ಮಾಹಿತಿ ಅಧಿಕಾರಿಗಳು,
ಉದ್ದಿಮೆದಾರರ ಬದಲಿ ಇಂಧನ ಮಾಹಿತಿ ಘಟಕ,
ರಾಮನಗರ.

ವಿಷಯ: ಸೂರ್ಯನ ಶಾಖದಿಂದ ರೇಷ್ಮೆ ಗೂಡು ಬೇಯಿಸುತ್ತಿರುವ ಯಶಸ್ವಿ ಉದ್ದಿಮೆದಾರನೆಂದು ತಾವು ಅಚ್ಚು ಹಾಕಿಸಿರುವ ನನಗೆ, ಸೂರ್ಯನ ಶಾಖದಿಂದ ಗೂಡು ಬೇಯಿಸುವುದು ಹೇಗೆ ಎಂಬ ಮಾಹಿತಿ ಒದಗಿಸುವ ಬಗ್ಗೆ, ಹಾಗೂ ನಾನು ಸುಳ್ಳು ಹೇಳಿಲ್ಲವೆಂದು ನನ್ನ ಹೆಂಡತಿಗೆ ತಮ್ಮ ಬಾಯಿಂದಲೇ ತಿಳಿಸುವ ಬಗ್ಗೆ.

ಉಲ್ಲೇಖ:
೧. ನನ್ನ ಹಿಂದಿನ ಅರ್ಜಿ, ದೀಪಾವಳಿ ಕಳೆದ ಮೇಲೆ ಕೊಟ್ಟದ್ದು.
೨. ಅದಕ್ಕೆ ತಮ್ಮ ಕಚೇರಿಯಿಂದ ಬಂದ ಹಿಂಬರಹ.
೩. ತಮ್ಮ ಕಚೇರಿಯ ಪ್ರಕಟಣೆ "ಉದ್ದಿಮೆಗಳಿಗೆ ನವೀಕರಿಸಬಹುದಾದ ಇಂಧನ: ಮಾಹಿತಿ ಕೈಪಿಡಿ", ಅದರಲ್ಲಿ ನನ್ನ ಪಟವಿರುವ ಪುಟ.
೪. ನನ್ನ ಹೆಂಡತಿ ಅಂಕಮ್ಮನವರ ಮೌಖಿಕ ಆದೇಶ, ನಿನ್ನೆ ಸಂಜೆ.

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

೧. ನಾನು ಪಿಯುಸಿವರೆಗೆ ಓದಿದವನಾಗಿದ್ದು, ಅರ್ಜಿ ಬರೆಯುವುದರಲ್ಲಿ ನಮ್ಮ ಬೀದಿಗೇ ಹೆಸರಾದವನಾಗಿರುತ್ತೇನೆ. ಬೀದಿ ದೀಪ, ಚರಂಡಿ, ಪಡಿತರ ಚೀಟಿ, ವಿಧವಾ ವೇತನ, ಯಾವುದೇ ಇರಲಿ, ಜನ ಬಿಳಿ ಹಾಳೆ ಹಿಡಿದುಕೊಂಡು ನನ್ನ ಬಾಗಿಲಿಗೇ ಬರುತ್ತಾರೆ. ಅವರೆಲ್ಲರ ಕೆಲಸವೂ ಆಗಿದೆ. ನನ್ನ ಸ್ವಂತಕ್ಕೆಂದು ಬರೆದ ಒಂದೇ ಒಂದು ಅರ್ಜಿಗೆ ಏನು ಗತಿಯಾಯಿತು ಎಂಬುದನ್ನು ಇಲ್ಲಿ ವಿವರಿಸಬೇಕಾಗಿರುವುದರಿಂದ ಈ ಅರ್ಜಿ ಸ್ವಲ್ಪ ಉದ್ದವಾಗಿದೆ. ನಡುವೆ ಟೀ ತರಿಸಿಕೊಂಡು ಓದುವುದಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ.

೨. ನನ್ನದು ಸಣ್ಣ ಘಟಕ. ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಹಿಡಿದು ತಂದು, ಕುದಿಯುವ ನೀರಿನಲ್ಲಿ ಬೇಯಿಸಿ, ಬೆಂದ ಗೂಡಿನಿಂದ ಎಳೆ ತೆಗೆದು ರಾಟೆಗೆ ಸುತ್ತುವುದು ನಮ್ಮ ಕಸುಬು. ಗೂಡು ಬೇಯಬೇಕಾದರೆ ನೀರು ಕುದಿಯಬೇಕು. ನೀರು ಕುದಿಯಬೇಕಾದರೆ ಒಲೆ ಉರಿಯಬೇಕು. ಒಲೆಗೆ ಹಾಕುವ ಸೌದೆ ಹಸಿ ಇರುತ್ತದೆ, ಆ ಕಾರಣ ಹೊಗೆ ಬರುತ್ತದೆ. ಈ ಹೊಗೆ ಸೂರಿನ ಕಿಂಡಿಯಿಂದ ಹೊರಗೆ ಹೋಗಬೇಕೆಂಬುದು ನಿಯಮ. ಆದರೆ ಅದು ನಿಯಮ ಪಾಲಿಸದೆ ಒಲೆಯ ಮುಂದೆ ಕುಳಿತವರ ಎದೆಯೊಳಕ್ಕೆ ಹೋಗುತ್ತದೆ. ಒಲೆಯ ಮುಂದೆ ಕುಳಿತಿದ್ದವಳು ನನ್ನ ಹೆಂಡತಿ ಅಂಕಮ್ಮ. ಮದುವೆಯಾಗಿ ಬಂದ ವರ್ಷದಿಂದಲೂ ಅವಳೇ ಕುಳಿತಿದ್ದಳು.

೩. ಸದರಿ ಅಂಕಮ್ಮನವರಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಎದೆ ಪರೀಕ್ಷೆ ಮಾಡಿ, ಔಷಧಿ ಕೊಟ್ಟು, "ಔಷಧಿಗಿಂತ ಮೊದಲು ಹೊಗೆ ಬಿಡಿ" ಎಂದರು. ನಾನು ಮುಂದಿನ ತಿಂಗಳು ಏನಾದರೂ ವ್ಯವಸ್ಥೆ ಮಾಡುವುದಾಗಿ ಅವಳಿಗೆ ಭರವಸೆ ನೀಡಿದೆ. ಮುಂದಿನ ತಿಂಗಳುಗಳು ಸಾಕಷ್ಟು ಬಂದು ಹೋದವು. ಹೋದ ವರ್ಷ ಗೌರಿ ಹಬ್ಬಕ್ಕೆಂದು ಕನಕಪುರದ ಹತ್ತಿರದ ತನ್ನ ತವರೂರಿಗೆ ಹೋದವಳು, ಹಬ್ಬ ಮುಗಿದು ಗಣಪತಿಯನ್ನು ನೀರಿಗೆ ಬಿಟ್ಟಾದ ಮೇಲೂ ಬರಲಿಲ್ಲ. ಕರೆಯಲು ಹೋದ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಊಟ ಬಡಿಸಿ, ಆಮೇಲೆ ಹೇಳಿದ್ದು ಇಷ್ಟು:

"ನಿನ್ ಮ್ಯಾಲೆ ಕ್ವಾಪ ಇಲ್ಲ ಕಣಯ್ಯ. ನಿನ್ ಒಲೆ ಮ್ಯಾಲೆ ಕ್ವಾಪ. ಹೊಗೆ ಹೋದ್ ದಿನ ಹೇಳ್ಕಳ್ಸು, ಬತ್ತೀನಿ."

ಸರ್ಕಾರಿ ಭಾಷೆಯಲ್ಲಿ ಇದನ್ನು ಷರತ್ತುಬದ್ಧ ಒಪ್ಪಿಗೆ ಎನ್ನಬಹುದು. ಮುಂಗೋಪದ ಹೆಂಗಸು ಕಿರುಚಿ ಹೇಳಿದ್ದರೆ ನಾನು ನಾಳೆ ಸರಿಹೋಗುತ್ತಾಳೆ ಅಂದುಕೊಂಡು ಬರುತ್ತಿದ್ದೆ. ಇವಳು ಮೆಲ್ಲಗೆ ಹೇಳಿದಳು. ಅದಕ್ಕೇ ಹೆದರಿಕೆಯಾಯಿತು.

ಅವಳಿಲ್ಲದ ಮನೆಯ ಬಗ್ಗೆ ಇಲ್ಲಿ ನಮೂದಿಸುವ ಅಗತ್ಯ ಇಲ್ಲದಿದ್ದರೂ ನಮೂದಿಸುತ್ತೇನೆ. ಮುದ್ದೆ ಕಟ್ಟುವುದು ನನಗೆ ಬರುವುದಿಲ್ಲ. ಅನ್ನ ಮಾಡಿಕೊಂಡರೆ ಒಬ್ಬನಿಗೆ ಎಷ್ಟು ಅಕ್ಕಿ ಎಂಬ ಅಂದಾಜು ಸಿಗುವುದಿಲ್ಲ. ಬಾಗಿಲಿಗೆ ಬಂದವರೆಲ್ಲ "ಅಂಕವ್ವ ಎಲ್ಲಿ" ಎಂದು ಮೊದಲು ಕೇಳಿ ಆಮೇಲೆ ತಮ್ಮ ಕೆಲಸ ಹೇಳುತ್ತಾರೆ. ಅರ್ಜಿದಾರನಿಗೆ ತುಂಬಾ ಬೇಸರವಾಗಿರುತ್ತದೆ. ಬೇಸರಕ್ಕೆ ಕಚೇರಿಯಲ್ಲಿ ಬೇರೆ ಪದ ಬಳಸುವುದಿದ್ದರೆ ನನಗೆ ಗೊತ್ತಿಲ್ಲವಾದ್ದರಿಂದ ಅದನ್ನೇ ಬರೆದಿದ್ದೇನೆ.

೪. ಆದ್ದರಿಂದ ನಾನು ಮಾಹಿತಿ ಹುಡುಕಲು ಹೊರಟೆ. ಉದ್ದಿಮೆಗಳನ್ನು ನೋಡಿಕೊಳ್ಳುವ ಒಂದು ಕಚೇರಿಗೆ ಹೋದೆ. ಸೂರ್ಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಕರೆಂಟಿನ ಕಚೇರಿಗೆ ಹೋದೆ. ನಿಮ್ಮದು ಕರೆಂಟೇ ಅಲ್ಲವಲ್ಲ, ಬಿಸಿ ನೀರಲ್ಲವಾ ಎಂದರು. ನಮ್ಮದು ಹೊಸ ಜಿಲ್ಲೆಯಾದ ಕಾರಣ ಇನ್ನೊಂದು ಕಚೇರಿಯ ಬೋರ್ಡು ಮಾತ್ರ ರಾಮನಗರಕ್ಕೆ ಬಂದಿತ್ತು, ಕಚೇರಿ ಬೆಂಗಳೂರಿನಲ್ಲೇ ಉಳಿದಿತ್ತು. ಬೋರ್ಡಿನ ನೆರಳಲ್ಲಿ ಒಬ್ಬ ಸೌತೆಕಾಯಿ ಮಾರುತ್ತಿದ್ದ. ಬೇರೆ ಯಾರೂ ಇಲ್ಲದ್ದರಿಂದ ಅವನನ್ನೇ ಕೇಳಿದೆ.

"ಸೋಲಾರಾ? ಕೆಂಗಲ್ ತಾವ ಯಾವ್ದೋ ಹೋಟ್ಲಲ್ಲಿ ಹಾಕ್ಸವ್ರಂತೆ ಕಣಣ್ಣ" ಎಂದ.

ಅಷ್ಟು ದಿನದ ತಿರುಗಾಟದಲ್ಲಿ ದೊರೆತ ಮೊದಲ ಮಾಹಿತಿ ಇದಾಗಿರುತ್ತದೆ. ಬಸ್ಸು ಹತ್ತಿ ಕೆಂಗಲ್ಲಿಗೆ ಹೋದೆ. ಹೋಟೆಲಿನ ಮೇಲೆ ಇದ್ದದ್ದು ಸಾಧಾರಣ ನೀರಿನ ಟ್ಯಾಂಕು. ಹೊಸದಾಗಿ ನೀಲಿ ಬಣ್ಣ ಹೊಡೆದಿದ್ದರು. ಅಲ್ಲಿನ ಗುಡಿಯ ಆಂಜನೇಯನಿಗೆ ಕೈ ಮುಗಿದು, ಒಂದು ಮಸಾಲೆ ದೋಸೆ ತಿಂದು ವಾಪಸ್ಸಾದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೂ ಹೋದೆ. ಅಂಗಡಿಯವನು ಏನೋ ಟೈಪು ಮಾಡಿದ. ಯಾವುದೋ ದೇಶದ ಬಿಸ್ಕತ್ತು ಕಾರ್ಖಾನೆ ಗಾಳಿಯಿಂದ ನಡೆಯುತ್ತಿರುವ ಚಿತ್ರ ಬಂತು. ಬಿಸ್ಕತ್ತು ಚೆನ್ನಾಗಿ ಕಾಣುತ್ತಿತ್ತು. ಗೂಡಿನ ಸುದ್ದಿ ಇರಲಿಲ್ಲ.

೫. ಅಷ್ಟರಲ್ಲಿ ತಮ್ಮ ಘಟಕ ಪ್ರಾರಂಭವಾಗಿ, ಉದ್ದಿಮೆದಾರರಿಗಾಗಿ ಮಾಹಿತಿ ಮೇಳ ಏರ್ಪಾಡಾಯಿತು. ನಾನು ಬೆಳಿಗ್ಗೆ ಗೂಡಿನ ಮಾರುಕಟ್ಟೆಯಿಂದ ನೇರವಾಗಿ ಅಲ್ಲಿಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತೆ. ತಮ್ಮ ಸಹಾಯಕ ಅಧಿಕಾರಿಗಳಾದ ಚೈತನ್ಯ ಎಂಬುವರು ಪರದೆಯ ಮೇಲೆ ಗಾಳಿಯಂತ್ರ ತೋರಿಸಿದರು. ಅದು ನಮ್ಮ ರಾಮದೇವರ ಬೆಟ್ಟಕ್ಕಿಂತ ಎತ್ತರ ಇದ್ದ ಹಾಗೆ ಕಂಡಿತು. ಸಮುದ್ರದ ಅಲೆ ತೋರಿಸಿದರು. ರಾಮನಗರದಲ್ಲಿ ಸಮುದ್ರ ಇಲ್ಲದಿರುವುದನ್ನು ನಾನು ಸಭೆಯ ಗಮನಕ್ಕೆ ತರಲಿಲ್ಲ. ಕೊನೆಗೆ ಪ್ರಶ್ನೆ ಕೇಳಬಹುದು ಎಂದಾಗ ಎದ್ದು ನಿಂತು ಮೂರು ಪ್ರಶ್ನೆ ಕೇಳಿದೆ:

ಅ) ಸೋಲಾರ್ ನೀರಿನಲ್ಲಿ ಮೋಡ ಮುಚ್ಚಿದ ದಿನ ಗೂಡು ಬೇಯುತ್ತದೆಯೇ?
ಆ) ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಪೈಪು ಕಟ್ಟಿಕೊಳ್ಳುತ್ತದೆಯೇ?
ಇ) ನಾವು ಒಲೆ ಹಚ್ಚುವುದು ಸೂರ್ಯ ಹುಟ್ಟುವುದಕ್ಕೆ ಮೊದಲು. ಆಗ ಏನು ಮಾಡಬೇಕು?

ಚೈತನ್ಯರವರು ನನ್ನ ಪ್ರಶ್ನೆಗಳು ಬಹಳ ಚೆನ್ನಾಗಿವೆ ಎಂದು ಹೊಗಳಿ, ಬರವಣಿಗೆಯಲ್ಲಿ ಕೊಡಲು ಸೂಚಿಸಿ, ಊಟಕ್ಕೆ ಬಿಟ್ಟರು. ಊಟದಲ್ಲಿ ಪಾಯಸ ಇತ್ತು.

೬. ಈಗ ಮುಖ್ಯ ಘಟನೆ. ಊಟವಾದ ಮೇಲೆ ಮೈದಾನದಲ್ಲಿ ನಿಲ್ಲಿಸಿದ್ದ ಸೋಲಾರ್ ನೀರಿನ ಟ್ಯಾಂಕಿನ ಹತ್ತಿರ ಹೋದೆವು. ಅದು ಬೆಳಗಿನಿಂದ ಬಿಸಿಲಿನಲ್ಲಿತ್ತು. ಬೇರೆಯವರೆಲ್ಲ ಗಾಜನ್ನೂ ಹೊಳೆಯುವ ತಗಡನ್ನೂ ನೋಡುತ್ತಿದ್ದರು. ನಾನು ನಲ್ಲಿ ತಿರುಗಿಸಿದೆ. ಬಿಸಿ ನೀರು ಕಂಡರೆ ನೂಲು ತೆಗೆಯುವ ರೀಲರ್ ಕೈ ಸುಮ್ಮನೆ ಇರುವುದಿಲ್ಲ. ಮೊದಲು ಬೆರಳು ಅದ್ದಿದೆ. ಪರವಾಗಿಲ್ಲ, ಚೆನ್ನಾಗಿಯೇ ಕಾದಿತ್ತು. ಮಾರುಕಟ್ಟೆಯಲ್ಲಿ ಮಾದರಿ ನೋಡಲು ತೆಗೆದ ಹಿಡಿ ಗೂಡು ಜೇಬಿನಲ್ಲೇ ಉಳಿದಿತ್ತು. ತಮ್ಮಂಥವರ ಜೇಬಿನಲ್ಲಿ ಪೆನ್ನು ಇರುವ ಹಾಗೆ ನಮ್ಮ ಜೇಬಿನಲ್ಲಿ ಗೂಡು ಇರುತ್ತದೆ. ಅಲ್ಲೇ ಇದ್ದ ಬಕೆಟ್ಟಿಗೆ ನೀರು ಬಿಟ್ಟು ಗೂಡು ಹಾಕಿ, ಬೆರಳಿನಲ್ಲಿ ಸವರುತ್ತಾ ನಿಂತೆ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ರಾಮನಗರದ ಯಾವ ರೀಲರನ್ನು ಅಲ್ಲಿ ನಿಲ್ಲಿಸಿದ್ದರೂ ಇದೇ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಎಳೆ ಬೆರಳಿಗೆ ಸಿಕ್ಕಿತು. ಎಳೆದೆ.

ಚೈತನ್ಯರವರು ಓಡಿ ಬಂದು, "ಬರ್ತಾ ಇದೆಯಾ?" ಎಂದು ಕೇಳಿದರು.

"ಬತ್ತೈತೆ ಸಾರ್. ಆದ್ರೆ ಒಸಿ ಬಿಗಿ ಐತೆ. ಇನ್ನೂ ಬೇಯ್ಬೇಕು" ಎಂದೆ.

ಇದರಲ್ಲಿ ಮೊದಲ ವಾಕ್ಯ ಮಾತ್ರ ಅವರಿಗೆ ಬೇಕಾಗಿತ್ತು ಎಂದು ಈಗ ತಿಳಿದುಬಂದಿರುತ್ತದೆ. ಕ್ಯಾಮೆರಾ ತರಿಸಿದರು. ಎಳೆ ಹಿಡಿದುಕೊಂಡೇ ಸ್ವಲ್ಪ ನಗಿ ಎಂದರು. ಊಟ ಹಾಕಿದವರ ಮಾತು ಮೀರಬಾರದೆಂದು ನಕ್ಕೆ. ಹೆಸರು, ವಿಳಾಸ, ಫೋನ್ ನಂಬರು ಬರೆದುಕೊಂಡರು. ಹಾಜರಾತಿಗೆ ಇರಬೇಕು ಅಂದುಕೊಂಡೆ.

೭. ಸೂಚನೆಯಂತೆ ಮೂರೂ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಸಲ್ಲಿಸಿ, ಸೀಲು ಹಾಕಿಸಿಕೊಂಡು ಬಂದೆ. ಅಲ್ಲಿಂದ ಸಂಕ್ರಾಂತಿಯವರೆಗೆ ಕಚೇರಿ ಮೌನ ವಹಿಸಿತು.

೮. ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ನನ್ನ ಮನೆಗೆ ಜನ ಬರತೊಡಗಿದರು. ಚನ್ನಪಟ್ಟಣದಿಂದ ಬೊಂಬೆ ಕೆತ್ತುವವರು ಬಂದರು. ಬಂದವರು ಒಳಗೆ ಬರಲಿಲ್ಲ. ಬೀದಿಯಲ್ಲಿ ನಿಂತು ಕತ್ತೆತ್ತಿ ನನ್ನ ಸೂರನ್ನು ನೋಡಿದರು. ನನ್ನ ಸೂರಿನ ಮೇಲೆ ಕುಂಬಳದ ಬಳ್ಳಿ ಬಿಟ್ಟರೆ ಏನೂ ಇಲ್ಲ. ಕೆಮ್ಮುತ್ತಾ ಒಳಗೆ ಬಂದು, ಒಲೆ ನೋಡಿ, ಮುಖ ಮುಖ ನೋಡಿಕೊಂಡು, ನೀರು ಕುಡಿದು ಹೋದರು. ಮಾಗಡಿ ಕಡೆಯಿಂದ ಇಟ್ಟಿಗೆ ಗೂಡಿನವರು ಬಂದರು. ಅವರದೂ ಇದೇ ಕಥೆ. ನನ್ನಲ್ಲಿ ರಾಟೆ ತಿರುಗಿಸುವ ಹಫೀಜಾ ಹರಿತ ಬಾಯಿಯ ಹೆಂಗಸು. ಅವಳು ಒಂದು ದಿನ ತಡೆಯಲಾರದೆ ಕೇಳಿದಳು:

"ಅಣ್ಣಾ, ನಿಮ್ಗೆ ಎರಡ್ನೇ ಸಂಬಂಧ ಏನಾದ್ರೂ ನೋಡ್ತಾವ್ರಾ? ಬಂದೋರೆಲ್ಲ ಮನೆ ನೋಡ್ಕೊಂಡು ಹೋಯ್ತಾವ್ರಲ್ಲ."

ಈ ಮಾತು ಬೀದಿಯಲ್ಲಿ ಹಬ್ಬಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂಬುದನ್ನು ಮಾನ್ಯರು ಊಹಿಸಿಕೊಳ್ಳಬೇಕಾಗಿ ವಿನಂತಿ.

ಕೊನೆಗೆ ಮಾಗಡಿಯಿಂದಲೇ ಹಪ್ಪಳ ಮಾಡುವ ಒಂದು ಮಹಿಳಾ ಸಂಘದವರು ಟೆಂಪೋ ಮಾಡಿಕೊಂಡು ಬಂದರು. ಅವರ ಹಿರಿಯರಾದ ದೊಡ್ಡಲಕ್ಷ್ಮಮ್ಮನವರು ನೇರ ಮಾತಿನವರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೈಚೀಲದಿಂದ ತಮ್ಮ ಕಚೇರಿಯ ಕೈಪಿಡಿ ತೆಗೆದು ನನ್ನ ಮುಂದೆ ಹಿಡಿದರು.

"ಇದು ನೀವೇ ತಾನೆ?"

ನಾನೇ. ಬಣ್ಣದ ಪಟ. ಕೈಯಲ್ಲಿ ಎಳೆ, ಮುಖದ ತುಂಬಾ ನಗು. ಕೆಳಗೆ ಹೀಗೆ ಬರೆದಿತ್ತು: "ರಾಮನಗರದ ಪ್ರಗತಿಪರ ಉದ್ದಿಮೆದಾರರಾದ ಶ್ರೀ ಕೆಂಪರಾಜುರವರು ಸಂಪೂರ್ಣ ಸೌರಶಕ್ತಿಯಿಂದಲೇ ಗೂಡು ಬೇಯಿಸುತ್ತಿದ್ದು, ಅವರ ಘಟಕ ಇಂದು ಹೊಗೆಮುಕ್ತವಾಗಿದೆ. ಅವರ ಮುಖದಲ್ಲಿರುವ ನಗುವೇ ಇದಕ್ಕೆ ಸಾಕ್ಷಿ." ಈ ಸಾಲುಗಳನ್ನು ನಾನು ಕಣ್ಣೊರೆಸಿಕೊಂಡು ಓದಬೇಕಾಯಿತು. ಆನಂದಬಾಷ್ಪವಲ್ಲ. ಆ ದಿನ ಸೌದೆ ತೀರಾ ಹಸಿ ಇತ್ತು.

"ಹಂಗಾದ್ರೆ ನಿಮ್ಮನೇಲಿ ಸೋಲಾರ್ ಇಲ್ವಾ?" ಎಂದು ದೊಡ್ಡಲಕ್ಷ್ಮಮ್ಮನವರು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಹಫೀಜಾ ರಾಟೆ ನಿಲ್ಲಿಸಿ, "ಐತೆ ಕಣಮ್ಮಾ, ಸರ್ವೀಸ್‌ಗೆ ಹೋಗೈತೆ" ಎಂದಳು. ಸರ್ಕಾರದ ಮರ್ಯಾದೆ ಉಳಿಸಿದ ಈ ಹೆಂಗಸಿಗೆ ತಮ್ಮ ಕಚೇರಿಯಿಂದ ಒಂದು ಪ್ರಶಂಸಾ ಪತ್ರ ಕೊಡುವುದು ಸೂಕ್ತ. ದೊಡ್ಡಲಕ್ಷ್ಮಮ್ಮನವರು ನಂಬಲಿಲ್ಲ. ಆದರೆ ಅಷ್ಟು ದೂರ ಬಂದದ್ದಕ್ಕೆ ಒಂದು ಕುಂಬಳಕಾಯಿ ಕೇಳಿ ಕಿತ್ತುಕೊಂಡು ಹೋದರು.

೯. ಅದೇ ವಾರ ಉಲ್ಲೇಖ ೨ರ ಹಿಂಬರಹ ಅಂಚೆಯಲ್ಲಿ ಬಂತು. ನನ್ನ ಮೂರೂ ಪ್ರಶ್ನೆಗಳಿಗೆ ಒಂದೇ ಉತ್ತರ ಕೊಟ್ಟಿರುತ್ತೀರಿ: "ತಾವು ಕೋರಿರುವ ಮಾಹಿತಿಗಾಗಿ ಈಗಾಗಲೇ ಸದರಿ ತಂತ್ರಜ್ಞಾನವನ್ನು ಯಶಸ್ವಿಯಾಗಿ ಅಳವಡಿಸಿಕೊಂಡಿರುವ ರಾಮನಗರದ ಶ್ರೀ ಕೆಂಪರಾಜು ಅವರನ್ನು ಖುದ್ದಾಗಿ ಸಂಪರ್ಕಿಸುವುದು."

ಕಚೇರಿಯ ಆದೇಶವನ್ನು ಉಲ್ಲಂಘಿಸಬಾರದೆಂಬ ಕಾರಣಕ್ಕೆ ನಾನು ಸದರಿಯವರನ್ನು ಸಂಪರ್ಕಿಸಿದೆ. ಅವರು ಮನೆಯಲ್ಲೇ ಇದ್ದರು. ಕನ್ನಡಿಯ ಮುಂದೆ ನಿಂತು ಮೋಡದ ಪ್ರಶ್ನೆ ಕೇಳಿದೆ. ಸದರಿಯವರು ನನ್ನನ್ನೇ ನೋಡುತ್ತಾ ನಿಂತರು. ಗಡಸು ನೀರಿನ ವಿಚಾರದಲ್ಲೂ ಅವರಿಗೆ ಏನೂ ಗೊತ್ತಿದ್ದಂತೆ ಕಾಣಲಿಲ್ಲ. ಮೂರನೆಯ ಪ್ರಶ್ನೆ ಕೇಳುವಷ್ಟರಲ್ಲಿ ಇಬ್ಬರಿಗೂ ಬೇಜಾರಾಗಿ, ಒಟ್ಟಿಗೇ ಕಾಫಿ ಕುಡಿದೆವು. ಸದರಿಯವರಿಂದ ಯಾವುದೇ ಮಾಹಿತಿ ದೊರೆತಿರುವುದಿಲ್ಲ ಎಂದು ಈ ಮೂಲಕ ವರದಿ ಸಲ್ಲಿಸುತ್ತಿದ್ದೇನೆ.

ಇಲ್ಲಿಯವರೆಗಿನದನ್ನು ತಮಾಷೆ ಎಂದು ಬಿಟ್ಟುಬಿಡುತ್ತಿದ್ದೆ. ಮುಂದಿನದನ್ನು ಬಿಡುವ ಹಾಗಿಲ್ಲ.

೧೦. ತಮ್ಮ ಕೈಪಿಡಿಯನ್ನು ಜಿಲ್ಲೆಯ ಪಂಚಾಯ್ತಿಗಳಿಗೆಲ್ಲ ಹಂಚಿರುತ್ತೀರಿ. ಕನಕಪುರದ ಕಡೆಯ ನನ್ನ ಮಾವ ಕರಿಯಪ್ಪನವರು ತಮ್ಮ ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಅದನ್ನು ನೋಡಿದ್ದಾರೆ. ಅಳಿಯನ ಪಟ ಸರ್ಕಾರದ ಪುಸ್ತಕದಲ್ಲಿ ಬಂದಿದೆಯೆಂದು ಊರಿಗೆಲ್ಲ ತೋರಿಸಿ, ಮಗಳ ಕೈಗೆ ಕೊಟ್ಟಿದ್ದಾರೆ. ಅವಳು ಓದಿದ್ದಾಳೆ. ಹೊಗೆಮುಕ್ತ ಎಂಬಲ್ಲಿ ಬೆರಳಿಟ್ಟು ಇನ್ನೊಂದು ಸಲ ಓದಿದಳಂತೆ. ಹೇಳಿ ಕಳಿಸಲಿ ಎಂದು ಕಾಯಲಿಲ್ಲ. ಸೀರೆ ಬ್ಯಾಗಿಗೆ ತುಂಬಿಕೊಂಡು, ಅಪ್ಪನನ್ನು ಕರೆದುಕೊಂಡು ನಿನ್ನೆ ಬಸ್ಸು ಹತ್ತಿ ಬಂದೇಬಿಟ್ಟಳು.

ನಾನು ಒಲೆಯ ಮುಂದೆ ಕುಳಿತು ಊದುತ್ತಿದ್ದೆ. ಬಾಗಿಲಲ್ಲಿ ನೆರಳು ಕಂಡಿತು. ಇನ್ನೊಂದು ಟೆಂಪೋ ಬಂತು ಅಂದುಕೊಂಡು, "ಸೋಲಾರ್ ಸರ್ವೀಸ್‌ಗೆ ಹೋಗೈತೆ" ಎಂದೆ. ತಿರುಗಿದರೆ ಅಂಕಮ್ಮ. ಕೈಯಲ್ಲಿ ಬ್ಯಾಗು. ತಲೆಯಲ್ಲಿ ಹೂವು ಮುಡಿದಿದ್ದಳು.

ಅವಳು ಒಳಗೆ ಕಾಲಿಡಲಿಲ್ಲ. ಹೊಗೆ ಹೊರಗೆ ಹೋಗಿ ಅವಳನ್ನು ಎದುರುಗೊಂಡಿತು. ಕೆಮ್ಮಿದಳು.

"ಪುಸ್ತಕದಲ್ಲಿ ಹೊಗೆ ಇರ್ನಿಲ್ವಲ್ಲ" ಎಂದಳು.

ನಾನು ಎದ್ದು ಹೋಗಿ ಎಲ್ಲವನ್ನೂ ಹೇಳಿದೆ. ಮೇಳ, ಟ್ಯಾಂಕು, ಜೇಬಿನ ಗೂಡು, ಕ್ಯಾಮೆರಾ, ಪಾಯಸ ಸಹ ಬಿಡಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡಳು.

"ನಾನ್ ಬರ್ಲಿ ಅಂತ ಬರ್ಸ್‌ಬು‌ಟ್ಟಾ?"

"ಇಲ್ಲ ಕಣೇ. ಅವ್ರೇ ಬರ್ಕೊಂಡವ್ರೆ."

"ಸರ್ಕಾರದೋರು ನಿನ್ನ ಕೇಳ್ದೆ ಬರೀತಾರಾ? ನೀನೇ ಏನೋ ಯೋಳಿರ್ತೀಯ. ಇಷ್ಟ್ ವರ್ಸ ಮುಂದಿನ್ ತಿಂಗ್ಳು ಅಂತ ಬಾಯಲ್ಲಿ ಯೋಳ್ತಿದ್ದೆ. ಈಗ ಅಚ್ಚಾಕ್ಸಿ ಯೋಳಿದ್ದೀಯ."

ಬೀದಿಗೆಲ್ಲ ಅರ್ಜಿ ಬರೆದುಕೊಡುವ ನಾನು ಜಗಲಿಗೆ ಚಾಪೆ ತಂದು ಹಾಸಿದೆ. ಮಾವನವರು ಜಗಲಿಯ ತುದಿಯಲ್ಲಿ ಕುಳಿತು, "ಅಳಿಯಂದ್ರೇ, ಪುಸ್ತಕ ಸುಳ್ಳೋ, ನೀವ್ ಸುಳ್ಳೋ, ಒಂದ್ ಯೋಳ್ಬುಡಿ. ಊರೋರ್ಗೆ ನಾನು ಜವಾಬ್ ಕೊಡ್ಬೇಕು" ಎಂದರು. ಊಟಕ್ಕೆ ಏಳಲಿಲ್ಲ. ನಾಳೆ ಸಂಜೆ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಬರುವುದಿದ್ದರೆ ಬಾ ಎಂದು ಮಗಳಿಗೆ ಹೇಳಿ ಬಸ್ಸಿಗೆ ಹೊರಟುಹೋದರು. ಅಂಕಮ್ಮ ಹಫೀಜಾಳ ಮನೆಯಲ್ಲಿ ಮಲಗಿದಳು. ಬ್ಯಾಗು ಬಿಚ್ಚಲಿಲ್ಲ ಎಂದು ಬೆಳಿಗ್ಗೆ ಹಫೀಜಾ ಹೇಳಿದಳು.

ಮಲಗಲು ಅಲ್ಲಿಗೆ ಹೋಗುವ ಮುಂಚೆ ಅಂಕಮ್ಮ ಹೊರಡಿಸಿದ ಆದೇಶ, ಅಂದರೆ ಉಲ್ಲೇಖ ೪, ಹೀಗಿದೆ: "ನಿನ್ ಬಾಯಿಂದ ಬ್ಯಾಡ. ಬರ್ದೋರ್ ಬಾಯಲ್ಲೇ ಕೇಳ್ತೀನಿ. ನೀನ್ ಯೋಳಿಲ್ಲ ಅಂದ್ರೆ ಉಳೀತೀನಿ. ಯೋಳಿದ್ದೀಯ ಅಂದ್ರೆ ಹೊರಡ್ತೀನಿ."

೧೧. ಇಲ್ಲಿಯವರೆಗೆ ಮನೆಯಲ್ಲಿ ಬರೆದದ್ದು. ಇದನ್ನು ತಮ್ಮ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ, ಆದ್ದರಿಂದ ಅಕ್ಷರ ಓರೆಯಾಗಿರುತ್ತದೆ. ನಾನೂ ಅಂಕಮ್ಮನೂ ಬೆಳಗಿನಿಂದ ಕಾದಿದ್ದೇವೆ. ತಾವು ಮೀಟಿಂಗಿನಲ್ಲಿರುವುದಾಗಿಯೂ, ಚೈತನ್ಯರವರು ಇನ್ನೊಬ್ಬ ಯಶಸ್ವಿ ಉದ್ದಿಮೆದಾರರ ಪಟ ತೆಗೆಯಲು ಹೋಗಿರುವುದಾಗಿಯೂ ತಿಳಿಸಲಾಯಿತು. ಆ ಬಡಪಾಯಿ ಯಾರೋ, ಅವನ ಹೆಂಡತಿ ಯಾವ ಊರಿನವಳೋ.

ಅಂಕಮ್ಮ ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ನಡುವೆ ಅವಳ ಬ್ಯಾಗು. ಮಧ್ಯಾಹ್ನ ಕೈ ತೊಳೆಯಲು ಕಚೇರಿಯ ಹಿಂದಕ್ಕೆ ಹೋದವಳು ಬೇಗ ಬರಲಿಲ್ಲ. ಎದ್ದು ಹೋದರೆ, ಮೇಳದಲ್ಲಿ ತೋರಿಸಿದ್ದ ಅದೇ ಸೋಲಾರ್ ಟ್ಯಾಂಕು ಅಲ್ಲಿ ನಿಂತಿದೆ. ತಮ್ಮ ಸಿಬ್ಬಂದಿ ಅದರ ನಲ್ಲಿಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದಾರೆ. ಎಣ್ಣೆ ಜಿಡ್ಡು ಚೆನ್ನಾಗಿ ಹೋಗುತ್ತದಂತೆ. ಅಂಕಮ್ಮ ಕೈಪಿಡಿಯ ಪುಟವನ್ನು ಬಿಚ್ಚಿ, ಒಮ್ಮೆ ಪಟ, ಒಮ್ಮೆ ಟ್ಯಾಂಕು ನೋಡುತ್ತಿದ್ದಳು.

"ಅದೇ ಡ್ರಮ್ಮು ಕಣಯ್ಯ" ಎಂದಳು.

"ಹೂಂ. ನಾನೇನ್ ಯೋಳ್ದೆ ಮತ್ತೆ?"

"ಡ್ರಮ್ಮು ನಿಜ. ಮಿಕ್ಕಿದ್ದು ಅವ್ರು ಯೋಳ್ಬೇಕು" ಎಂದು ಬಂದು ಮತ್ತೆ ತನ್ನ ತುದಿಯಲ್ಲಿ ಕುಳಿತಳು. ಆದರೆ ಬ್ಯಾಗನ್ನು ನಡುವಿನಿಂದ ತೆಗೆದು ಕಾಲ ಬಳಿ ಇಟ್ಟುಕೊಂಡಳು. ಇದನ್ನು ನಾನು ಪ್ರಕರಣದಲ್ಲಿ ಭಾಗಶಃ ಪ್ರಗತಿ ಎಂದು ಪರಿಗಣಿಸಿರುತ್ತೇನೆ.

ಆಮೇಲೆ, "ಏನ್ ಅಷ್ಟುದ್ದ ಬರೀತಿದ್ದೀಯ, ಓದು" ಎಂದಳು. ಓದಿ ಹೇಳಿದೆ. ಕನ್ನಡಿಯ ವಿಷಯ ಬಂದಾಗ ನಕ್ಕಳು. ಎರಡನೇ ಸಂಬಂಧದ ವಿಷಯಕ್ಕೆ ನಗಲಿಲ್ಲ. ಅವಳಿಲ್ಲದೆ ಬೇಸರವಾಗಿದೆ ಎಂದು ಬರೆದಿರುವ ಮೂರನೆಯ ಅಂಶಕ್ಕೆ ಬಂದಾಗ ಸುತ್ತ ಒಮ್ಮೆ ನೋಡಿ, "ಅದ್ನ ಹೊಡ್ದಾಕು, ಆಫೀಸ್ನೋರೆಲ್ಲ ಓದ್ತಾರೆ" ಎಂದಳು. ನಾನು ಹೊಡೆದುಹಾಕಿಲ್ಲ. ಹೊಡೆದುಹಾಕಿದೆನೋ ಇಲ್ಲವೋ ಎಂದು ಅವಳೂ ಹಾಳೆ ತಿರುಗಿಸಿ ನೋಡಲಿಲ್ಲ.

ಮೇಲ್ಕಂಡ ಎಲ್ಲಾ ಕಾರಣಗಳಿಂದ, ನನ್ನ ಪ್ರಾರ್ಥನೆ ಈ ಕೆಳಕಂಡಂತೆ ಇರುತ್ತದೆ:

ಮೊದಲನೆಯದಾಗಿ, ತಾವು ಮೀಟಿಂಗು ಮುಗಿಸಿ ಹೊರಗೆ ಬಂದು, ನಾನು ಹಾಗೆ ಹೇಳಿಲ್ಲ, ಬರೆಸಿಯೂ ಇಲ್ಲ, ನಗುವುದನ್ನು ಸಹ ತಮ್ಮವರ ಸೂಚನೆಯ ಮೇರೆಗೇ ನಕ್ಕಿರುತ್ತೇನೆ ಎಂದು ನನ್ನ ಹೆಂಡತಿಗೆ ಬಾಯಿಬಿಟ್ಟು ಹೇಳಬೇಕು. ಲಿಖಿತವಾಗಿ ಬೇಡ. ತಮ್ಮ ಕಚೇರಿ ಬರೆದದ್ದನ್ನು ಅವಳು ಒಂದು ಸಲ ನಂಬಿ ಬಸ್ಸು ಹತ್ತಿದ್ದಾಗಿದೆ.

ಎರಡನೆಯದಾಗಿ, ಮೋಡ, ಗಡಸು ನೀರು ಮತ್ತು ಬೆಳಗಿನ ಜಾವದ ಬಗ್ಗೆ ನನ್ನ ಮೂರು ಪ್ರಶ್ನೆಗಳಿಗೆ ಗೊತ್ತಿದ್ದವರು ಯಾರಾದರೂ ಉತ್ತರ ಕೊಡಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಹೇಳಬೇಕು. ಅದೂ ಒಂದು ಮಾಹಿತಿಯೇ. ದಯವಿಟ್ಟು ನನ್ನ ವಿಳಾಸ ಮಾತ್ರ ಕೊಡಬೇಡಿ.

ಮೂರನೆಯದಾಗಿ, ಕೈಪಿಡಿಗೆ ತಿದ್ದೋಲೆ ಹೊರಡಿಸುವ ಯೋಚನೆ ತಮಗಿದ್ದರೆ, ನನ್ನ ಆಕ್ಷೇಪಣೆ ಇದೆ. ಪುಸ್ತಕ ಆಗಲೇ ಊರೂರಿಗೆ ಹೋಗಿಯಾಗಿದೆ. ಅದನ್ನು ವಾಪಸ್ಸು ತರಿಸಿ ತಿದ್ದುವುದು ಕಷ್ಟದ ಕೆಲಸ. ಅದರ ಬದಲು ಡಬ್ಬಿ ತೊಳೆಯುತ್ತಿರುವ ಆ ಟ್ಯಾಂಕನ್ನು ಎತ್ತಿಸಿ ತಂದು ನನ್ನ ಸೂರಿನ ಮೇಲೆ ಕೂರಿಸಿಬಿಟ್ಟರೆ, ಪುಸ್ತಕದ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ. ಅದರಲ್ಲಿ ಗೂಡು ಪೂರ್ತಿ ಬೇಯದೆ ಹೋದರೂ, ನೀರು ಅರ್ಧ ಕಾದು ಬಂದರೆ ಒಲೆಗೆ ಸೌದೆ ಅಷ್ಟು ಕಡಿಮೆ ಸಾಕು, ಹೊಗೆ ಅಷ್ಟು ಕಡಿಮೆ. ಉಳಿದ ಒಲೆಯ ಮುಂದೆ ನಾನೇ ಕುಳಿತುಕೊಳ್ಳುತ್ತೇನೆ. ಅವಳನ್ನು ಇನ್ನು ಕೂರಿಸುವುದಿಲ್ಲ. ಈ ಮಾತನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಮುಂದಿನ ತಿಂಗಳಾ ಎಂದು ಕೇಳುತ್ತಾಳೆ. ಆದ್ದರಿಂದ ಸೀಲು ಬೀಳುವ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ.

ಇನ್ನೂ ಸ್ವಲ್ಪ ವಿಶ್ವಾಸ ಉಳಿಸಿಕೊಂಡು ತಮ್ಮ ಬಾಗಿಲಲ್ಲೇ ಕುಳಿತಿರುವ,

(ಸಹಿ)
ಕೆಂಪರಾಜು

ಲಗತ್ತುಗಳು:

೧. ಕೈಪಿಡಿಯ ಪುಟ, ಬಣ್ಣದ್ದು. ಹೊಗೆಯಿಂದ ಒಂದು ಮೂಲೆ ಮಾಸಿರುತ್ತದೆ.

೨. ನನ್ನನ್ನು ನನ್ನ ಹತ್ತಿರವೇ ಕಳಿಸಿದ ಹಿಂಬರಹದ ನಕಲು.

೩. ಶ್ರೀಮತಿ ಅಂಕಮ್ಮ, ಖುದ್ದು. ಇದು ಮೂಲ ಪ್ರತಿ, ನಕಲು ಇರುವುದಿಲ್ಲ. ಪರಿಶೀಲನೆ ಮುಗಿದ ಕೂಡಲೇ, ಕನಕಪುರದ ಬಸ್ಸು ಹೊರಡುವುದರೊಳಗಾಗಿ, ಅರ್ಜಿದಾರನಿಗೇ ಹಿಂದಿರುಗಿಸಬೇಕಾಗಿ ಕೋರಿಕೆ.